ಮೊರ್ಜಿಮ್‌ನಲ್ಲಿ ಕೈಟ್ ಹಾರಿಸುವವರಿಗೆ: ಯಾರು ಯಾರಿಗೆ ದಾರಿ ಬಿಡಬೇಕು?

ಇಲ್ಲಿ ಕೈಟ್ ಅಂದರೆ ಕೈಟ್ ಸರ್ಫಿಂಗ್‌ನದು: ಪಂಪಿನಿಂದ ಗಾಳಿ ತುಂಬಿದ ದೊಡ್ಡ ಪಟ ಎಳೆಯುತ್ತದೆ, ಅದನ್ನು ಮೈಗೆ ಸಿಕ್ಕಿಸಿಕೊಂಡವನು ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಓಡುತ್ತಾನೆ. ಉತ್ತರ ಗೋವಾದ ಮೊರ್ಜಿಮ್‌ನಲ್ಲಿ ಬೇಸಿಗೆ ಗಾಳಿ ಟೈಮ್ ಟೇಬಲ್ ಇಟ್ಟುಕೊಂಡೇ ಬರುತ್ತದೆ. ಬೆಳಿಗ್ಗೆ ಬಾವುಟವೂ ಅಲ್ಲಾಡುವುದಿಲ್ಲ. ಮಧ್ಯಾಹ್ನ ನೆಲ ಕಾದ ಮೇಲೆ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ. ಒಳ್ಳೆಯ ದಿನ ಮೂರು, ನಾಲ್ಕು ಗಂಟೆಯ ಹೊತ್ತಿಗೆ 12ರಿಂದ 15 ನಾಟ್ ಇರುತ್ತದೆ, ಅಂದರೆ ಗಂಟೆಗೆ ಸುಮಾರು 22ರಿಂದ 28 ಕಿ.ಮೀ. ಹೊತ್ತು ಮುಳುಗುವಾಗ ಅದೂ ಮಲಗುತ್ತದೆ.

ಗಾಳಿ ಇರುವುದೇ ಮೂರು ನಾಲ್ಕು ತಾಸು. ಹಾಗಾಗಿ ಎಲ್ಲರೂ ಒಟ್ಟಿಗೇ ನೀರಿಗಿಳಿಯುತ್ತಾರೆ. ಗಾಳಿ ಮೆತ್ತಗಿರುವುದರಿಂದ ಎಲ್ಲರ ಕೈಟೂ ದೊಡ್ಡದು, 12 ಚದರ ಮೀಟರ್‌ನದು, ಕೆಲವರದು ಅದಕ್ಕಿಂತ ದೊಡ್ಡದು. ದೊಡ್ಡ ಕೈಟ್ ತಿರುಗುವುದು ನಿಧಾನ. ಶನಿವಾರ ಬಂತೆಂದರೆ ಚೋರ್ಲಾ ಘಾಟ್ ಇಳಿದು ಬೆಳಗಾವಿ, ಹುಬ್ಬಳ್ಳಿಯವರು ಬರುತ್ತಾರೆ, ರಾತ್ರಿ ಬಸ್ಸಿಗೆ ಬೆಂಗಳೂರಿನವರು ಬಂದಿಳಿಯುತ್ತಾರೆ. ಕಲಿಯುವವರು, ಕಲಿಸುವವರು, ಫಾಯಿಲ್ ಬೋರ್ಡ್ ಮೇಲೆ ನೀರಿನಿಂದ ಎದ್ದು ಹೋಗುವವರು ಎಲ್ಲರಿಗೂ ಬೇಕಾದದ್ದು ಅದೇ ಒಂದು ತುಂಡು ನೀರು.

ಇಂಥ ಜಾಗದಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದನ್ನು ಒಂದೊಂದೇ ಹಂತವಾಗಿ ಹೇಳುತ್ತೇನೆ. ಸ್ವಲ್ಪ ಮಟ್ಟಿಗೆ ಕೈಟ್ ಓಡಿಸಲು ಬರುವವರಿಗಾಗಿ ಬರೆದದ್ದು ಇದು. ಇನ್ನೂ ಕಲಿತಿಲ್ಲ ಅನ್ನುವವರು ತರಬೇತಿ ಇಲ್ಲದೆ ಸೆಕೆಂಡ್ ಹ್ಯಾಂಡ್ ಕೈಟ್ ಕೊಂಡು ನೇರ ನೀರಿಗಿಳಿಯಬೇಡಿ. ಯೂಟ್ಯೂಬ್ ನೋಡಿ ಕಲಿಯುವ ಆಟ ಇದಲ್ಲ.

ಮೊದಲು ಒಂದು ಅಳತೆ ತಲೆಯಲ್ಲಿ ಕೂರಲಿ. ನಿಮ್ಮ ಲೈನ್ ಸುಮಾರು 20ರಿಂದ 24 ಮೀಟರ್ ಉದ್ದ. ನೀವು ಇಲ್ಲಿದ್ದರೆ ಕೈಟ್ ಅಲ್ಲಿರುತ್ತದೆ. ನಡುವೆ ಕಣ್ಣಿಗೆ ಸರಿಯಾಗಿ ಕಾಣದ ನಾಲ್ಕು ದಾರ, ಒಂದೊಂದೂ ಎರಡು ಮಿಲಿಮೀಟರ್ ದಪ್ಪವೂ ಇಲ್ಲ. ಬಿಗಿಯಾಗಿದ್ದಾಗ ಅದಕ್ಕೂ ಸಂಕ್ರಾಂತಿಯ ಗಾಳಿಪಟದ ಮಾಂಜಾಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ: ತಗುಲಿದರೆ ಚರ್ಮ ಕುಯ್ಯುತ್ತದೆ. ಪಕ್ಕದವನಿಂದ ಹತ್ತು ಮೀಟರ್ ದೂರದಲ್ಲಿ ಹೋದೆ ಅಂತ ನಿಮಗೆ ಅನ್ನಿಸಿದ್ದರೂ ನಿಮ್ಮ ಲೈನ್ ಅವನ ತಲೆಯ ಮೇಲೇ ಹಾದು ಹೋಗಿರಬಹುದು.

ಪಂಪ್ ತೆಗೆಯುವ ಮೊದಲು

ಬ್ಯಾಗ್ ಕೆಳಗಿಟ್ಟು ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಗಾಳಿ ಎಲ್ಲಿಂದ ಬರುತ್ತಿದೆ, ನೀರಿನಲ್ಲಿರುವವರು ಯಾವ ಸೈಜಿನ ಕೈಟ್ ಹಾರಿಸುತ್ತಿದ್ದಾರೆ, ಎಷ್ಟು ಜನ ಬೀಳುತ್ತಿದ್ದಾರೆ, ತರಬೇತಿ ಶಾಲೆಯವರು ಯಾವ ಭಾಗ ಹಿಡಿದಿದ್ದಾರೆ. ಜೀವರಕ್ಷಕರು ಕೆಂಪು ಹಳದಿ ಬಾವುಟ ನೆಟ್ಟಿದ್ದರೆ ಆ ಎರಡು ಬಾವುಟಗಳ ನಡುವಿನ ನೀರು ಈಜುವವರದು. ಅಲ್ಲಿಗೆ ಕೈಟ್ ಹೋಗಬಾರದು, ಚರ್ಚೆಯೇ ಬೇಡ.

ಮೊರ್ಜಿಮ್‌ನ ದಡ ಪಶ್ಚಿಮಕ್ಕೆ ಮುಖ ಮಾಡಿದೆ. ವಾಯವ್ಯದ ಗಾಳಿಯಲ್ಲಿ, ಸಮುದ್ರಕ್ಕೆ ಎದುರಾಗಿ ನಿಂತರೆ ಬಲಗಡೆ ಮುಂದಿನಿಂದ ಗಾಳಿ ಬರುತ್ತದೆ. ಬಲಕ್ಕೆ, ಅಂದರೆ ಅಶ್ವೇಮ್ ಕಡೆಗೆ, ಅಪ್‌ವಿಂಡ್ (ಗಾಳಿ ಬರುವ ಕಡೆ). ಎಡಕ್ಕೆ, ತೆಂಬ್ ಮತ್ತು ಚಾಪೋರಾ ನದಿ ಬಾಯಿಯ ಕಡೆಗೆ, ಡೌನ್‌ವಿಂಡ್ (ಗಾಳಿ ಹೋಗುವ ಕಡೆ). ಅಪ್‌ವಿಂಡ್ ಹೋಗಲು ಇನ್ನೂ ಬಾರದವರು ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಎಡಕ್ಕೆ ಜಾರುತ್ತಾರೆ. ಕೊನೆಗೆ ಸೇರುವುದು ನದಿ ಬಾಯಿಗೆ. ಅಲ್ಲಿ ಮೀನುಗಾರಿಕೆ ದೋಣಿಗಳು ಒಳಗೆ ಹೊರಗೆ ಓಡಾಡುತ್ತವೆ. ಇಳಿತದ ಹೊತ್ತಿನಲ್ಲಿ ನದಿ ನೀರು ಸಮುದ್ರಕ್ಕೆ ಜೋರಾಗಿ ನುಗ್ಗುತ್ತದೆ. ಅದರಾಚೆ ಚಾಪೋರಾ ಕೋಟೆಯ ಗುಡ್ಡ, ಅದರ ಬುಡದಲ್ಲಿ ಬಂಡೆ. ಹಾಗಾಗಿ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ದಡದ ಮೇಲೆ ಒಂದು ಗುರುತು ಇಟ್ಟುಕೊಳ್ಳಿ: ಒಂದು ಶ್ಯಾಕ್ (ದಡದ ಗುಡಿಸಲು ಹೋಟೆಲು), ಒಂದು ತೆಂಗಿನ ಮರ, ಏನಾದರೂ ಸರಿ. ಅದಕ್ಕಿಂತ ಎಡಕ್ಕೆ ಜಾರಿದರೆ ದಡಕ್ಕೆ ಬಂದು, ಕೈಟ್ ಇಳಿಸಿ, ನಡೆದುಕೊಂಡು ವಾಪಸ್ ಬನ್ನಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇನ್ನು ಬಲೆ. ಕಾರವಾರದ ಕಡೆಯವರಿಗೆ ರಂಪಣಿ ಗೊತ್ತು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದು, ಎರಡೂ ತುದಿಯ ಹಗ್ಗ ಹಿಡಿದು ದಡದಿಂದ ಜನ ಎಳೆಯುತ್ತಾರೆ. ಗೋವಾದಲ್ಲೂ ಅದೇ ಪದ್ಧತಿ ಇದೆ. ಎಳೆಯುವಾಗ ಹಗ್ಗ ನೀರಿನ ಮಟ್ಟಕ್ಕೇ ಇರುತ್ತದೆ, ವೇಗದಲ್ಲಿ ಬರುವವನಿಗೆ ಕಾಣುವುದಿಲ್ಲ. ದಡದಲ್ಲಿ ಎರಡು ಗುಂಪು ಜನ ಸಾಲಾಗಿ ಹಗ್ಗ ಹಿಡಿದು ನಿಂತಿದ್ದಾರೆ ಅಂದರೆ ಆ ಎರಡು ಗುಂಪಿನ ನಡುವಿನ ಸಮುದ್ರ ಸದ್ಯಕ್ಕೆ ಅವರದು. ಬಲೆ ಮೇಲೆ ಬರುವವರೆಗೆ ಕಾಯಿರಿ. ಅವರದು ಹೊಟ್ಟೆಪಾಡು, ನಮ್ಮದು ಶೋಕಿ. ಮುಗಿದ ಮೇಲೆ ಕೊಂಕಣಿಯಲ್ಲಿ ಥ್ಯಾಂಕ್ಸ್ ಹೇಳುವ ಒಂದು ‘ದೇವ್ ಬರೆಂ ಕರುಂ’ ಅಂದರೆ ಮುಂದಿನ ಸಲ ಅವರೇ ನಿಮಗೆ ಕೈ ಬೀಸಿ ‘ಈಗ ಹೋಗು’ ಅನ್ನುತ್ತಾರೆ.

ಮರಳಿನ ಮೇಲೆ

ನೀರಿನಲ್ಲಿ ಆಗುವುದಕ್ಕಿಂತ ಕೆಟ್ಟ ಗಾಯ ದಡದಲ್ಲಿ ಆಗುತ್ತದೆ. ನೀರು ಮೆತ್ತಗಿದೆ. ಕಂಬ, ಗೋಡೆ, ನಿಲ್ಲಿಸಿದ ಸ್ಕೂಟರ್ ಮೆತ್ತಗಿಲ್ಲ.

ಗಾಳಿ ತುಂಬಿದ ಕೈಟನ್ನು ಮಗುಚಿ ಹಾಕಿ, ಮೇಲೆ ಮರಳು ಹೇರಿ. ಎರಡು ಹಿಡಿ ಸಾಲುವುದಿಲ್ಲ, ಚೆನ್ನಾಗಿ ಹೇರಿ. ಲೈನ್ ಬಿಚ್ಚುವುದು ಲಾಂಚ್ ಮಾಡುವ, ಅಂದರೆ ಕೈಟ್ ಏಳಿಸುವ, ಸ್ವಲ್ಪ ಮುಂಚೆ ಮಾತ್ರ. ಜನ ಓಡಾಡುವ ಒದ್ದೆ ಮರಳಿನ ಉದ್ದಕ್ಕೂ ಲೈನ್ ಹರಡಿಟ್ಟು ಚಹಾ ಕುಡಿಯಲು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾಯಿ ಓಡಿ ಬರುತ್ತದೆ, ಮಕ್ಕಳು ಬರುತ್ತಾರೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಬೇರೆಯವರ ಲೈನ್ ಬಿದ್ದಿದ್ದರೆ ದಾಟಬೇಡಿ, ತುಳಿಯಲೂ ಬೇಡಿ, ಬಾರ್ (ಕೈಟ್ ನಡೆಸುವ ಹಿಡಿಕೋಲು) ಇರುವ ಕಡೆಯಿಂದ ಸುತ್ತಿ ಹೋಗಿ.

ಮೊರ್ಜಿಮ್ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುವ ದಡವೂ ಹೌದು. ಚಳಿಗಾಲದಲ್ಲಿ ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಆ ಬೇಲಿಯ ಹತ್ತಿರ ಲೈನ್ ಹಾಸುವುದು, ಕೈಟ್ ಎಳೆಯುವುದು ಬೇಡ.

ಪ್ರವಾಸಿಗರ ವಿಷಯವೇ ಬೇರೆ. ಅವರಿಗೆ ಇದು ಪ್ಯಾರಾಚೂಟ್. ಮೊಬೈಲ್ ಹಿಡಿದು ನೇರ ಕೈಟಿನ ಕೆಳಗೇ ಬಂದು ನಿಲ್ಲುತ್ತಾರೆ. ಬೈಯಬೇಡಿ, ಅವರಿಗೆ ಗೊತ್ತಿಲ್ಲ ಅಷ್ಟೇ. ಒಮ್ಮೆ ಹುಬ್ಬಳ್ಳಿ ಕಡೆಯ ದೊಡ್ಡ ಸಂಸಾರವೊಂದು ಹಾಸಿಟ್ಟ ಲೈನ್ ಮೇಲೇ ಚಾಪೆ ಹಾಸಲು ಹೊರಟಿತ್ತು. ಶ್ಯಾಕ್‌ನಲ್ಲಿ ಕೆಲಸ ಮಾಡುವ ಗದಗ ಕಡೆಯ ಹುಡುಗ ಓಡಿ ಹೋಗಿ, ‘ಕಾಕಾ, ಇಲ್ಲಿ ದಾರ ಐತ್ರಿ, ಕೈಟ್ ಎದ್ರ ಕಾಲ ಕೊಯ್ತೈತಿ. ಅಕ್ಕಾರ, ಹುಡುಗ್ರನ್ನ ಈ ಕಡೆ ಕರಕೊಳ್ರಿ’ ಅಂದ. ಕಾಕಾ ಚಾಪೆ ಎತ್ತಿಕೊಂಡು ಹಿಂದೆ ಸರಿದರು. ಆಮೇಲೆ ಆ ಕಡೆ ಬರುತ್ತಿದ್ದ ಎಲ್ಲರಿಗೂ ಅವರೇ ‘ದಾರ ಐತಿ, ದಾರ ಐತಿ’ ಅಂತ ಹೇಳಲು ಶುರು ಮಾಡಿದರು. ನಾವು ಇಂಗ್ಲಿಷಿನಲ್ಲಿ ಕೂಗಿದ್ದರೆ ಇಷ್ಟು ಕೆಲಸ ಆಗುತ್ತಿರಲಿಲ್ಲ.

ಲಾಂಚ್

ಮುಂಚೆ ಕ್ವಿಕ್ ರಿಲೀಸ್ ಪರೀಕ್ಷೆ. ಹಾರ್ನೆಸ್‌ಗೆ, ಅಂದರೆ ಮೈಗೆ ಕಟ್ಟುವ ಪಟ್ಟಿಗೆ, ಸಿಕ್ಕಿಸುವ ಬಳೆಯಂಥ ಚಿಕನ್ ಲೂಪಿನ ಮೇಲೆ ಒಂದು ಹಿಡಿ ಇರುತ್ತದೆ. ಅದನ್ನು ಮುಂದಕ್ಕೆ ತಳ್ಳಿದರೆ ಅಥವಾ ಎಳೆದರೆ, ಮಾದರಿ ಯಾವುದೋ ಅದರಂತೆ, ಲೂಪ್ ಬಿಚ್ಚಿಕೊಳ್ಳಬೇಕು. ಆಗ ಕೈಟ್ ಒಂದೇ ಲೈನಿಗೆ ನೇತಾಡಿ ಶಕ್ತಿ ಕಳೆದುಕೊಳ್ಳುತ್ತದೆ. ಈ ಬಿಡುಗಡೆ ವ್ಯವಸ್ಥೆಗೆ 2020ರಲ್ಲಿ ಐಎಸ್‌ಒ 21853 ಅನ್ನುವ ಅಂತರರಾಷ್ಟ್ರೀಯ ಮಾನದಂಡವೂ ಬಂದಿದೆ. ಆದರೆ ಮಾನದಂಡಕ್ಕೆ ಮೊರ್ಜಿಮ್‌ನ ಮರಳು ಗೊತ್ತಿಲ್ಲ. ಸಣ್ಣ ಮರಳಿನ ಕಣ ಆ ಹಿಡಿಯೊಳಗೆ ಕೂತರೆ ಗಟ್ಟಿಯಾಗಿ ಎಳೆದರೂ ಜರುಗುವುದಿಲ್ಲ. ಪ್ರತಿ ಸಲ ನೀರಿಗಿಳಿಯುವ ಮೊದಲು ಒಮ್ಮೆ ಬಿಚ್ಚಿ, ಸಿಹಿನೀರಿನಲ್ಲಿ ಜಾಲಾಡಿಸಿ, ಮತ್ತೆ ಜೋಡಿಸಿ. ಕಣ್ಣು ಮುಚ್ಚಿಯೂ ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು.

ನಿಮ್ಮ ಕೈಟ್ ಹಿಡಿಯುವವರು ಯಾರು? ಅಲ್ಲೇ ಸುಮ್ನೆ ನಿಂತಿದ್ದ ಪ್ರವಾಸಿ ಆಗಿರಬಾರದು. ಕೈಟ್ ಬಲ್ಲವರನ್ನೇ ಕರೆಯಿರಿ. ಹಿಡಿಯುವವರಿಗೂ ಜವಾಬ್ದಾರಿ ಇದೆ: ಕೈಟಿನ ರೆಕ್ಕೆಯ ತುದಿಗೆ ಲೈನ್ ಸುತ್ತಿಕೊಂಡಿದೆಯೇ, ನಾಲ್ಕೂ ಲೈನ್ ಒಂದರ ಮೇಲೊಂದು ಬೀಳದೆ ಹೋಗಿವೆಯೇ ಅಂತ ನೋಡಬೇಕು. ಬಾರ್‌ನ ಕೆಂಪು ಬದಿ ಸಾಮಾನ್ಯವಾಗಿ ಎಡಗೈಗೆ. ಹಾರಿಸುವವನು ಹೆಬ್ಬೆರಳು ಮೇಲೆತ್ತಿದ ಮೇಲೆ ಮಾತ್ರ ಬಿಡಬೇಕು. ಎಸೆಯಬಾರದು, ಸುಮ್ನೆ ಬೆರಳು ಬಿಟ್ಟರೆ ಸಾಕು. ಬಿಟ್ಟ ಮೇಲೆ ಅಪ್‌ವಿಂಡ್ ಕಡೆಗೆ ಸರಿಯಬೇಕು.

ಕೈಟ್ ಸಮುದ್ರದ ಬದಿಯಲ್ಲಿರುವಂತೆ ಏಳಿಸಿ. ಏನಾದರೂ ತಪ್ಪಿದರೆ ಅದು ನಿಮ್ಮನ್ನು ಶ್ಯಾಕ್‌ಗಳ ಕಡೆಗೆ ಎಳೆಯುವ ಬದಲು ನೀರಿನ ಕಡೆಗೆ ಎಳೆಯಲಿ. ನಿಮ್ಮಿಂದ ಡೌನ್‌ವಿಂಡ್ ಕಡೆ ಕಡಿಮೆ ಎಂದರೂ ಎರಡು ಲೈನ್‌ನಷ್ಟು, 50 ಮೀಟರ್, ಖಾಲಿ ಇರಬೇಕು. ಎದ್ದ ತಕ್ಷಣ ನೀರಿಗೆ ನಡೆಯಿರಿ. ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡು ದಡದಲ್ಲಿ ಹರಟೆ ಹೊಡೆಯುವುದು ಇಲ್ಲಿ ಕೆಲವರಿಗೆ ಚಟ. ಒಂದು ಜೋರು ಗಾಳಿ ಬೀಸಿದರೆ ಅಲ್ಲೇ ಮೇಲಕ್ಕೆತ್ತಿ ಒಗೆಯುತ್ತದೆ.

ದಡ ಬಿಟ್ಟು ಹೊರಡುವಾಗ

ಹೊರಡುವವನಿಗೆ ಒಳಗೆ ಬರುವವನು ದಾರಿ ಬಿಡಬೇಕು. ದಡದ ಹತ್ತಿರ ಅಲೆ ಒಡೆಯುವಲ್ಲಿ, ಒಂದು ಕೈಯಲ್ಲಿ ಬೋರ್ಡ್ ಹಿಡಿದು, ಒಂದು ಕೈಯಲ್ಲಿ ಕೈಟ್ ನಡೆಸುತ್ತಿರುವವನಿಗೆ ಆಚೀಚೆ ಸರಿಯಲು ಜಾಗವೂ ಇಲ್ಲ, ಶಕ್ತಿಯೂ ಇಲ್ಲ. ಒಳಗೆ ಬರುವವನಿಗೆ ಹಿಂದೆ ಇಡೀ ಸಮುದ್ರ ಇದೆ. ಇನ್ನೊಂದು ಸುತ್ತು ಹೊಡೆದು ಬಂದರೆ ಏನೂ ಕಳೆದುಕೊಳ್ಳುವುದಿಲ್ಲ.

ಹಾಗಂತ ಹೊರಡುವವನು ನೋಡದೆ ನುಗ್ಗಬಾರದು. ಅಪ್‌ವಿಂಡ್ ಕಡೆಯಿಂದ ಯಾರಾದರೂ ಬರುತ್ತಿದ್ದಾರೆಯೇ ನೋಡಿ, ಕಾದು, ಆಮೇಲೆ ಬೋರ್ಡ್ ಹಾಕಿ.

ಎದುರುಬದುರಾದಾಗ

ಇಲ್ಲೇ ಎಲ್ಲರಿಗೂ ಗೊಂದಲ. ಮೂಲ ನಿಯಮ ಹಾಯಿ ದೋಣಿಗಳದು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ಆದ, 1977ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮಾವಳಿಯ 12ನೇ ನಿಯಮ ಹೀಗೆ ಹೇಳುತ್ತದೆ: ಎರಡು ಹಾಯಿ ದೋಣಿಗೆ ಬೇರೆ ಬೇರೆ ಬದಿಯಿಂದ ಗಾಳಿ ಬೀಸುತ್ತಿದ್ದರೆ, ಎಡಬದಿಯಿಂದ ಗಾಳಿ ಪಡೆಯುತ್ತಿರುವುದು ಇನ್ನೊಂದಕ್ಕೆ ದಾರಿ ಬಿಡಬೇಕು. ಕೈಟ್ ಹಾರಿಸುವವರಿಗೆ ಇದು ಇನ್ನೂ ಸುಲಭ. ಹೋಗುವ ದಿಕ್ಕಿಗೆ ನಿಮ್ಮ ಬಲಗೈ ಮುಂದಿದ್ದರೆ ದಾರಿ ನಿಮ್ಮದು. ಎಡಗೈ ಮುಂದಿದ್ದರೆ ನೀವೇ ಸರಿಯಬೇಕು.

ಈಗ ಇದನ್ನು ಮೊರ್ಜಿಮ್‌ಗೆ ಹಚ್ಚಿ ನೋಡಿ. ವಾಯವ್ಯದ ಗಾಳಿಯಲ್ಲಿ ದಡದಿಂದ ಹೊರಗೆ ಹೋಗುವವನು ಹೋಗುವುದು ಹೆಚ್ಚುಕಡಿಮೆ ನೈಋತ್ಯಕ್ಕೆ. ಬಲಗೈ ಮುಂದು. ವಾಪಸ್ ಬರುವವನು ಈಶಾನ್ಯಕ್ಕೆ ಬರುತ್ತಾನೆ. ಎಡಗೈ ಮುಂದು. ಅಂದರೆ ಬಲಗೈ ನಿಯಮ ಹೇಳಿದರೂ, ಹೊರಡುವವನಿಗೆ ದಾರಿ ಅನ್ನುವ ನಿಯಮ ಹೇಳಿದರೂ ಉತ್ತರ ಒಂದೇ: ಹೊರಗೆ ಹೋಗುವವನಿಗೆ ದಾರಿ. ಬೇಸಿಗೆಯ ಬಹುಪಾಲು ದಿನ ಇಷ್ಟು ನೆನಪಿದ್ದರೆ ಸಾಕು.

ಮಳೆಗಾಲ ಹತ್ತಿರವಾದಾಗ ಮಾತ್ರ ಲೆಕ್ಕ ತಲೆಕೆಳಗು. ಗಾಳಿ ನೈಋತ್ಯಕ್ಕೆ ತಿರುಗಿದ ದಿನ ಹೊರಗೆ ಹೋಗುವವನ ಎಡಗೈ ಮುಂದಿರುತ್ತದೆ, ಒಳಗೆ ಬರುವವನ ಬಲಗೈ ಮುಂದಿರುತ್ತದೆ. ಎರಡು ನಿಯಮ ಎರಡು ಮಾತು ಹೇಳುತ್ತವೆ. ‘ನಿನ್ನೆ ನನ್ನ ದಾರಿ ಆಗಿತ್ತಲ್ಲ’ ಅನ್ನುವ ಜಗಳ ಬರುವುದು ಇಂಥ ದಿನವೇ. ನನ್ನ ಲೆಕ್ಕ ಹೀಗೆ: ಅಲೆ ಒಡೆಯುವ ಪಟ್ಟಿ ದಾಟುವ ತನಕ ಹೊರಡುವವನಿಗೇ ದಾರಿ ಕೊಡಿ, ಯಾಕೆಂದರೆ ಅಲ್ಲಿ ಕಷ್ಟದಲ್ಲಿರುವವನು ಅವನು. ಅದರಾಚೆ, ತೆರೆದ ನೀರಿನಲ್ಲಿ, ಬಲಗೈ ನಿಯಮ. ಇದನ್ನು ಆ ದಿನ ಲಾಂಚ್ ಮಾಡುವ ಮೊದಲೇ ದಡದಲ್ಲಿ ಎಲ್ಲರೂ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು.

ದಾರಿ ಬಿಡುವುದು ಹೇಗೆ? ಅಪ್‌ವಿಂಡ್ ಬದಿಯಲ್ಲಿ ಹೋಗುವವನು ಕೈಟ್ ಮೇಲೆತ್ತಬೇಕು, ಡೌನ್‌ವಿಂಡ್ ಬದಿಯಲ್ಲಿ ಹೋಗುವವನು ಕೈಟ್ ಕೆಳಗಿಳಿಸಬೇಕು. ಯಾಕೆ ಅಂದರೆ, ಅಪ್‌ವಿಂಡ್‌ನವನ ಕೈಟ್ ಇರುವುದು ಅವನ ಡೌನ್‌ವಿಂಡ್ ಕಡೆ, ಇನ್ನೊಬ್ಬನ ತಲೆಯ ಮೇಲೆ. ಅದು ಕೆಳಗಿದ್ದರೆ ಅವನ ಲೈನ್ ಇನ್ನೊಬ್ಬನ ಕುತ್ತಿಗೆಗೆ ಬರುತ್ತದೆ. ಡೌನ್‌ವಿಂಡ್‌ನವನ ಕೈಟ್ ಮೇಲಿದ್ದರೆ ಎರಡೂ ಸಿಕ್ಕಿಕೊಳ್ಳುತ್ತವೆ. ಸಾಮಾನ್ಯವಾಗಿ ಎಡಗೈ ಮುಂದಿರುವವನು ಕೈಟ್ ಇಳಿಸಿ ಡೌನ್‌ವಿಂಡ್ ಬದಿಯಿಂದ ಹಾಯುತ್ತಾನೆ, ಬಲಗೈ ಮುಂದಿರುವವನು ಕೈಟ್ ಎತ್ತಿ ತನ್ನ ದಾರಿ ಹಿಡಿದು ಹೋಗುತ್ತಾನೆ.

ತಡವಾಗಿ ಸರಿಯಬೇಡಿ. ಇನ್ನೂ ದೂರ ಇರುವಾಗಲೇ, ಎದುರಿನವನಿಗೆ ಕಾಣುವ ಹಾಗೆ ದಿಕ್ಕು ಬದಲಿಸಿ. ಕೊನೆಯ ಗಳಿಗೆಯಲ್ಲಿ ಸರಿದರೆ ಅವನೂ ಹೆದರಿ ಅದೇ ಕಡೆ ಸರಿಯುತ್ತಾನೆ. ಒಂದು ಕೈ ಬಾರ್‌ನಿಂದ ತೆಗೆದು ನೀವು ಹೋಗುವ ಕಡೆಗೆ ಬೆರಳು ತೋರಿಸಿ. ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲ, ಕೈ ಕಾಣುತ್ತದೆ. ದಾರಿ ನಿಮ್ಮದಾಗಿದ್ದರೆ ನಿಮ್ಮ ಕೆಲಸ ನೇರ ಹೋಗುವುದು. ಅಯ್ಯೋ ಪಾಪ ಅಂತ ಅರ್ಧ ಸರಿದು ಮತ್ತೆ ವಾಪಸ್ ಬಂದರೆ ಎದುರಿನವನಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಆದರೆ ಅವನು ನೋಡುತ್ತಲೇ ಇಲ್ಲ ಅಂತ ಖಾತ್ರಿಯಾದರೆ ದಾರಿಯ ಹಕ್ಕನ್ನು ಪಕ್ಕಕ್ಕಿಟ್ಟು ನೀವೇ ಸರಿಯಿರಿ. ಡಿಕ್ಕಿ ಆದ ಮೇಲೆ ‘ಬಲಗೈ ನನ್ನದು ಮುಂದಿತ್ತು’ ಅಂದು ಪ್ರಯೋಜನ ಇಲ್ಲ. 1972ರ ನಿಯಮಾವಳಿಯೂ ಇದನ್ನೇ ಹೇಳುತ್ತದೆ: ಒಬ್ಬನೇ ಸರಿದು ಡಿಕ್ಕಿ ತಪ್ಪದಷ್ಟು ಹತ್ತಿರ ಬಂದಾಗ ದಾರಿ ಇದ್ದವನೂ ತಪ್ಪಿಸಲೇಬೇಕು.

ಅದೇ ನಿಯಮಾವಳಿಯ ಪ್ರಕಾರ ಬಲೆ ಹಾಕಿ ಮೀನು ಹಿಡಿಯುತ್ತಿರುವ ದೋಣಿಗೆ ಹಾಯಿಯಲ್ಲಿ ಹೋಗುವವರು ದಾರಿ ಬಿಡಬೇಕು. ‘ಇಂಜಿನ್ ಇರುವವರು ನಮಗೆ ಬಿಡಬೇಕು’ ಅಂತ ಟ್ರಾಲರ್ ಮುಂದೆ ವಾದಿಸುವುದು ಬೇಡ. ಈಜುವವರು, ಪುಟ್ಟ ದೋಣಿಯವರು, ಪ್ಯಾಡಲ್ ಬೋರ್ಡಿನವರು ಎಲ್ಲರಿಗೂ ನಾವೇ ಬಿಡಬೇಕು, ಅದೂ ದೂರದಿಂದಲೇ.

ಹಿಂದಿನಿಂದ ಬಂದಾಗ, ತಿರುಗುವಾಗ

ಒಂದೇ ದಿಕ್ಕಿಗೆ ಹೋಗುವಾಗ, ಹಿಂದೆ ಹಾಕುವವನೇ ಜಾಗ ಬಿಟ್ಟು ಹೋಗಬೇಕು. ಮುಂದಿರುವವನಿಗೆ ಬೆನ್ನಿಗೆ ಕಣ್ಣಿಲ್ಲ. ಪಕ್ಕಪಕ್ಕ ಹೋಗುವಾಗ ಅಪ್‌ವಿಂಡ್‌ನವನು ಡೌನ್‌ವಿಂಡ್‌ನವನಿಗೆ ಜಾಗ ಬಿಡಬೇಕು.

ಫಾಯಿಲ್‌ನವರಿಗೆ ಇಲ್ಲಿ ಒಂದು ಮಾತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಕೈಟ್ ಸ್ಪರ್ಧೆ ನಡೆದಾಗಿನಿಂದ ಅದರ ಹುಚ್ಚು ಜಾಸ್ತಿಯಾಗಿದೆ. ಆ ಸ್ಪರ್ಧೆ ನಡೆದದ್ದು ಮಾರ್ಸೆಲ್‌ನಲ್ಲಿ, ಖಾಲಿ ನೀರಿನಲ್ಲಿ. ಮೊರ್ಜಿಮ್‌ನ ಶನಿವಾರ ಖಾಲಿ ಅಲ್ಲ. ನಿಮ್ಮ ಬೋರ್ಡಿನ ಕೆಳಗೆ ಹರಿತವಾದ ರೆಕ್ಕೆ ಇದೆ, ನಿಮ್ಮ ವೇಗ ಉಳಿದವರಿಗಿಂತ ತುಂಬ ಜಾಸ್ತಿ. ಗುಂಪಿನಿಂದ ಹೊರಗೆ, ಆಳದ ಕಡೆ ಹೋಗಿ ಆಡಿ.

ತಿರುಗುವ ಮುಂಚೆ ಹೆಗಲ ಮೇಲಿಂದ ಹಿಂದಕ್ಕೆ ನೋಡಿ. ಈ ಮಾತನ್ನು ಎಲ್ಲರೂ ಕೇಳಿರುತ್ತಾರೆ, ಮಾಡುವವರು ಕಡಿಮೆ. ದಡದಲ್ಲಿ ಕೂತು ಹದಿನೈದು ನಿಮಿಷ ತಿರುಗುವವರನ್ನೇ ನೋಡಿ, ನಿಮಗೇ ಗೊತ್ತಾಗುತ್ತದೆ. ಎಲ್ಲರ ಕಣ್ಣು ಕೈಟ್ ಮೇಲೆ.

ಜಂಪ್

ಡೌನ್‌ವಿಂಡ್ ಕಡೆ 50 ಮೀಟರ್, ಅಪ್‌ವಿಂಡ್ ಕಡೆ 30 ಮೀಟರ್ ಖಾಲಿ ಇಲ್ಲದಿದ್ದರೆ ಜಂಪ್ ಬೇಡ. ಹಾರಿದವನು ಎದ್ದ ಜಾಗದಲ್ಲೇ ಇಳಿಯುವುದಿಲ್ಲ, ಗಾಳಿ ಅವನನ್ನು ಡೌನ್‌ವಿಂಡ್ ಕಡೆಗೆ ಒಯ್ಯುತ್ತದೆ. ಗಾಳಿಯಲ್ಲಿರುವಾಗ ದಾರಿ ಬದಲಿಸಲೂ ಆಗುವುದಿಲ್ಲ. ಹಾಗಾಗಿ ಜಂಪ್ ಮಾಡುವವನಿಗೆ ಯಾವ ಹಕ್ಕೂ ಇಲ್ಲ, ಬಲಗೈ ಮುಂದಿದ್ದರೂ. ದಡದ ಹತ್ತಿರ, ಮೊಬೈಲ್ ಹಿಡಿದ ಗೆಳೆಯನ ಮುಂದೆ ರೀಲ್‌ಗಾಗಿ ಹಾರುವುದನ್ನು ನಾನಂತೂ ಒಪ್ಪುವುದಿಲ್ಲ.

ಅಲೆ ಸವಾರಿಗೆ ಮೊರ್ಜಿಮ್ ಅಂಥ ಪ್ರಸಿದ್ಧ ಜಾಗ ಏನಲ್ಲ. ಆದರೂ ಯಾರಾದರೂ ಅಲೆ ಹಿಡಿದಿದ್ದರೆ, ಆ ಅಲೆ ಅವರದು. ಉಳಿದವರು ಸುತ್ತಿ ಹೋಗಬೇಕು.

ಬಿದ್ದವರು, ಕಲಿಯುವವರು

ಒಬ್ಬನ ಕೈಟ್ ನೀರಿನ ಮೇಲೆ ಬಿದ್ದಿದೆ ಅಂದುಕೊಳ್ಳಿ. ಅವನಿಂದ ಡೌನ್‌ವಿಂಡ್ ಕಡೆಗೆ, ಕೈಟಿನ ತನಕ, ಲೈನ್ ನೀರಿನ ಮೇಲೆ ತೇಲುತ್ತಿರುತ್ತದೆ. ಅವನಿಗೂ ಕೈಟಿಗೂ ನಡುವೆ ಯಾವತ್ತೂ ಹಾಯಬೇಡಿ. ಅವನ ಅಪ್‌ವಿಂಡ್ ಬದಿಯಿಂದ, ಎರಡು ಲೈನಿಗಿಂತ ದೂರದಲ್ಲಿ ಹೋಗಿ. ಬಿದ್ದ ಕೈಟ್ ಯಾವ ಗಳಿಗೆಯಲ್ಲಾದರೂ ಎದ್ದು, ಅವನನ್ನು ಪಕ್ಕಕ್ಕೆ ಎಳೆಯಬಹುದು.

ಕಲಿಯುವವರಿಗೆ ನಿಯಮ ನೋಡದೆ ದಾರಿ ಬಿಡಿ. ಅವರಿಗೆ ಯಾವ ಕೈ ಮುಂದಿದೆ ಅನ್ನುವುದೂ ಆ ಹೊತ್ತಿನಲ್ಲಿ ಗೊತ್ತಿರುವುದಿಲ್ಲ. ಕಲಿಯುವವರೂ ಒಂದು ಕೆಲಸ ಮಾಡಬಹುದು: ಹೆಲ್ಮೆಟ್ ಹಾಕಿ, ಎದ್ದು ಕಾಣುವ ಬಣ್ಣದ ಲೈಫ್ ಜಾಕೆಟ್ ಹಾಕಿ, ಗುಂಪಿನ ಡೌನ್‌ವಿಂಡ್ ಬದಿಯಲ್ಲಿ, ಆದರೆ ನದಿ ಬಾಯಿಯಿಂದ ಸಾಕಷ್ಟು ಈಚೆಗೆ ಇರಿ. ಬೋರ್ಡನ್ನು ಮೈಗೆ ಹಗ್ಗದಿಂದ ಕಟ್ಟಿಕೊಳ್ಳಬೇಡಿ. ಬಿದ್ದಾಗ ಹಗ್ಗ ಹಿಗ್ಗಿ, ಬೋರ್ಡ್ ಚಿಮ್ಮಿ ಬಂದು ತಲೆಗೇ ಬಡಿಯುತ್ತದೆ. ಬೇರೆಯವರ ಬೋರ್ಡ್ ತೇಲುತ್ತಿದ್ದರೆ ಅದರ ಹತ್ತಿರ ನಿಂತು ಅವರಿಗೆ ಕೈ ತೋರಿಸಿ, ಅಥವಾ ದಡಕ್ಕೆ ತಂದಿಡಿ. ಅವರ ಕಡೆ ಎಸೆಯಬೇಡಿ.

ಎರಡೂ ತೋಳು ಪಕ್ಕಕ್ಕೆ ಚಾಚಿ, ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು ಎಲ್ಲ ಸಮುದ್ರದಲ್ಲೂ ‘ನಾನು ಅಪಾಯದಲ್ಲಿದ್ದೇನೆ’ ಅನ್ನುವ ಸಂಕೇತ. ಅದನ್ನು ಕಂಡರೆ ದಡಕ್ಕೆ ಬಂದು ಜೀವರಕ್ಷಕರಿಗೆ ತಿಳಿಸಿ. ನೀವೇ ಕೈಟ್ ಸಮೇತ ಹತ್ತಿರ ಹೋದರೆ ಇಬ್ಬರೂ ಸಿಕ್ಕಿಕೊಳ್ಳುವುದೇ ಹೆಚ್ಚು.

ಲೈನ್ ಸಿಕ್ಕಿಕೊಂಡರೆ

ಎರಡು ಕೈಟ್ ಸಿಕ್ಕಿಕೊಂಡರೆ ಬಿಡಿಸಲು ಹೋಗಬೇಡಿ. ಇಬ್ಬರೂ ತಕ್ಷಣ ಕ್ವಿಕ್ ರಿಲೀಸ್ ಬಿಚ್ಚಿ. ಇನ್ನೂ ಎಳೆಯುತ್ತಿದ್ದರೆ ಲೀಶ್ (ಕೈಟನ್ನು ನಿಮಗೆ ಕಟ್ಟಿಡುವ ಕೊನೆಯ ಹಗ್ಗ) ಕೂಡ ಬಿಚ್ಚಿ, ಕೈಟ್ ಹೋಗಲಿ. ಲೈನನ್ನು ಬರಿಗೈಯಲ್ಲಿ ಹಿಡಿಯಬೇಡಿ, ಬೆರಳಿಗೆ ಅಂತೂ ಸುತ್ತಿಕೊಳ್ಳಲೇಬೇಡಿ. ಹಾರ್ನೆಸ್‌ನಲ್ಲಿ ಲೈನ್ ಕತ್ತರಿಸುವ ಕೊಕ್ಕೆ ಚಾಕು ಇರಲೇಬೇಕು, ಮತ್ತು ಅದು ಯಾವ ಕೈಗೆ ಸಿಗುತ್ತದೆ ಅಂತ ಮೊದಲೇ ಗೊತ್ತಿರಬೇಕು. ಉಪ್ಪುನೀರಿಗೆ ತುಕ್ಕು ಹಿಡಿದ ಚಾಕು ಇಟ್ಟುಕೊಂಡವರೂ ಇದ್ದಾರೆ, ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಿ.

ಖರ್ಚು ಯಾರದು, ತಪ್ಪು ಯಾರದು ಅನ್ನುವುದೆಲ್ಲ ದಡಕ್ಕೆ ಬಂದ ಮೇಲೆ. ದಾರಿ ಬಿಡಬೇಕಾಗಿದ್ದವನು ಬಿಡದೆ ಇನ್ನೊಬ್ಬನ ಕೈಟ್ ಹರಿದಿದ್ದರೆ ಹೊಲಿಸಿ ಕೊಡುವುದು ಮರ್ಯಾದೆ.

ಇಳಿಸುವಾಗ

ಅಂಗೈಯಿಂದ ತಲೆ ತಟ್ಟಿಕೊಂಡರೆ ‘ನನ್ನ ಕೈಟ್ ಇಳಿಸಿ’ ಅಂತ ಅರ್ಥ. ಅದನ್ನು ಕಂಡವರು ಮಾತು ಬಿಟ್ಟು ಹೋಗಿ ಹಿಡಿಯಬೇಕು. ಸಂಜೆ ಗಾಳಿ ಬೀಳುವಾಗ ಎಲ್ಲರೂ ಒಟ್ಟಿಗೇ ಒಳಗೆ ಬರುತ್ತಾರೆ, ಆಗಲೇ ಒಬ್ಬಿಬ್ಬರು ‘ಕೊನೆಯ ಒಂದು ರೌಂಡ್’ ಅಂತ ಹೊರಗೆ ಹೊರಡುತ್ತಾರೆ. ನಿಯಮ ಹೊರಡುವವನ ಪರವಾಗಿದ್ದರೂ ಆ ಹೊತ್ತಿನಲ್ಲಿ ನೀವು ಕಾಯಿರಿ. ಗಾಳಿ ಕಡಿಮೆಯಾದಾಗ ಕೈಟ್ ಮೇಲೆ ನಿಲ್ಲುವುದೇ ಕಷ್ಟ, ಒಳಗೆ ಬರುವವರಿಗೆ ಆಯ್ಕೆ ಇರುವುದಿಲ್ಲ. ಮೇ ತಿಂಗಳಲ್ಲಿ ಕಪ್ಪು ಮೋಡ ಕಂಡರೆ ಮೊದಲ ಗುಡುಗಿಗೆ ಕಾಯದೆ ಎಲ್ಲರೂ ಇಳಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಲದ ಸಮುದ್ರ, ಅಲ್ಲಿ ನಮಗೆ ಕೆಲಸ ಇಲ್ಲ.

ಕೈಟ್ ಕೆಳಗೆ ಬಂದ ಕೂಡಲೇ ಲೈನ್ ಸುತ್ತಿ, ಜಾಗ ಬಿಡಿ. ನಿಮ್ಮ ಹಿಂದೆ ಬರುವವರಿಗೆ ಅದೇ ಜಾಗ ಬೇಕು.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಿಟ್ಟುಕೊಳ್ಳಿ. ಕೈಟ್ ಮೇಲೆ, ಬೋರ್ಡಿನ ಮೇಲೆ, ಅಳಿಸದ ಮಾರ್ಕರ್‌ನಲ್ಲಿ ನಿಮ್ಮ ಹೆಸರು ಮತ್ತು ಫೋನ್ ನಂಬರ್ ಬರೆಯಿರಿ. ಲೀಶ್ ಬಿಚ್ಚಿ ಬಿಟ್ಟ ಕೈಟ್ ಎಲ್ಲೋ ತೇಲುತ್ತಾ ಮೀನುಗಾರರ ಕಣ್ಣಿಗೆ ಬಿದ್ದರೆ, ಯಾರೋ ಮುಳುಗಿದ್ದಾರೆ ಅಂತ ಹುಡುಕಾಟ ಶುರುವಾಗಬಹುದು. ನಂಬರ್ ಇದ್ದರೆ ಒಂದು ಫೋನ್‌ನಲ್ಲಿ ಮುಗಿಯುತ್ತದೆ. ಕೈಟ್ ಕಳೆದುಕೊಂಡು ನೀವು ಕ್ಷೇಮವಾಗಿ ದಡ ಸೇರಿದ್ದರೆ ಜೀವರಕ್ಷಕರಿಗೆ ನೀವೇ ಹೋಗಿ ಹೇಳಿ. ದಡದಲ್ಲಿ ಕಾಯುವ ಗೆಳೆಯರ, ಮನೆಯವರ ಫೋನಿನಲ್ಲಿ 112, ಆಂಬುಲೆನ್ಸಿನ 108, ಕರಾವಳಿ ಕಾವಲು ಪಡೆಯ 1554, ಈ ಮೂರು ನಂಬರ್ ಇರಲಿ.